ಬಿಚ್ಚೋಕಾಗದ ಲ್ಯಾಪ್‌ಟಾಪ್

ಕೆಟ್ಟ ಲ್ಯಾಪ್‌ಟಾಪ್‌ಗಳನ್ನು ರಿಪೇರಿ ಮಾಡುವವನಿಗೆ ಅಂಗಡಿಯವರೆಲ್ಲ ಸೇರಿ ಇಟ್ಟ ಹೆಸರು ಡಾಕ್ಟರ್. ಹಿಂದಿನ ಕೋಣೆಯ ಬೆಂಚು ಬಿಟ್ಟು ಅವನು ಗಿರಾಕಿಗಳ ಎದುರು ಬಂದವನೇ ಅಲ್ಲ. ಅಂಥ ಮಹಾನುಭಾವ ಇವತ್ತು ತಾನಾಗಿ ಎದ್ದು ಬಂದು, ನರ್ಸಿಂಗ್ ಓದುವ ಹುಡುಗಿಯೊಬ್ಬಳ ಪಕ್ಕ ನಿಂತು ನಗುತ್ತಿದ್ದ. ಕೌಂಟರಿನವಳಿಗೆ ಮೈಯೆಲ್ಲ ಉರಿಯಿತು.

"ಕಡಿಮೆ ರೇಟಿಂದು ಸಾಕು ಡಾಕ್ಟ್ರೇ. ನೋಟ್ಸ್ ಬರ್ಕೊಳ್ಳೋಕೆ, ಕ್ಲಾಸ್ ನೋಡೋಕೆ ಅಷ್ಟೇ. ಹಳೇದ್ರಲ್ಲಿರೋ ಫೋಟೋ, ಫೈಲ್ ಎಲ್ಲ ಇದಕ್ಕೆ ಬರ್ಬೇಕು," ಎಂದಳು ಆ ಹುಡುಗಿ.

"ಮೇಡಂ ಒಳ್ಳೇದೇ ಕೊಡ್ತಾರೆ. ಅವರು ಕೊಟ್ಟಿದ್ದು ಕೆಟ್ಟ ಉದಾಹರಣೆ ಇಲ್ಲ," ಎಂದ ಡಾಕ್ಟರ್, ಕೌಂಟರಿನ ಕಡೆ ಒಂದು ಸಲ ನೋಡಿ ಕಣ್ಣು ತಗ್ಗಿಸಿದ.

ಮೇಡಂ ಅಂತೆ. ಆ ಹುಡುಗಿಯ ಜೊತೆ ಹರಟೆ, ತನಗೆ ಮಾತ್ರ ಮರ್ಯಾದೆ.

ಓದುವ ಮಕ್ಕಳಿಗೆ ಅವಳು ಕೊಡುತ್ತಿದ್ದದ್ದು ಯಾವಾಗಲೂ ಒಂದೇ ಥರದ್ದು. ವೇಗ ಹೆಚ್ಚಿಸುವ RAM ಹಾಕಲು ಒಳಗೆ ಇನ್ನೊಂದು ಜಾಗ ಖಾಲಿ ಇರಬೇಕು. ಈಗ ಅಗ್ಗಕ್ಕೆ ಸಿಗುತ್ತದೆ, ನಿಧಾನವಾದಾಗ ಡಾಕ್ಟರ್ ಹತ್ತಿರ ತಂದು ಹೆಚ್ಚಿಸಿಕೊಂಡರಾಯಿತು. ಇವತ್ತು ಅವಳ ಕೈ ಪಕ್ಕದ ಕಪಾಟಿಗೆ ಹೋಯಿತು. ರೇಟು ಅದೇ, ತೆಳ್ಳಗೆ ಚೆನ್ನಾಗಿದೆ, ಆದರೆ RAM ಬೋರ್ಡಿಗೇ ಅಂಟಿಕೊಂಡಿದೆ, ಬಿಚ್ಚಲಾಗದು. ಮುಂದೆ ಯಾರೂ ಏನೂ ಹೆಚ್ಚಿಸಲಾರರು.

ಫೈಲ್ ಕಾಪಿ ಮಾಡಿಸುವ ನೆಪದಲ್ಲಿ ಹುಡುಗಿ ಒಳಗೆ ಹೋದವಳು ಹೊರಗೇ ಬರಲಿಲ್ಲ. ಇಬ್ಬರ ತಲೆಗಳೂ ಒಂದೇ ಸ್ಕ್ರೀನಿನ ಮೇಲೆ ಬಾಗಿದ್ದವು. ಯಾವ ಫೋಟೋ ಬೇಕು, ಯಾವುದು ಬೇಡ ಎಂದು ಕೇಳುವುದಕ್ಕೆ ಅಷ್ಟೊಂದು ನಗು ಯಾಕೆ ಬೇಕೋ! ಕೌಂಟರಿನವಳು ಮೌಸ್ ಕೇಳಿದವರಿಗೆ ಚಾರ್ಜರ್ ಕೊಟ್ಟು ಬೈಸಿಕೊಂಡಳು.

ಹುಡುಗಿ ಟೀ ಕುಡಿಯಲು ಹೋದಾಗ ಡಾಕ್ಟರ್ ಕೌಂಟರಿಗೆ ಬಂದ.

"ಇದನ್ಯಾಕೆ ಕೊಟ್ರಿ?"

"ಹಗುರ ಇದೆ. ಪಾಪ, ಹೊತ್ಕೊಂಡು ಓಡಾಡ್ಬೇಕಲ್ಲ."

"ಕೋರ್ಸ್ ಮುಗಿಯೋದ್ರೊಳಗೆ ನಿಧಾನ ಆಗುತ್ತೆ. ಆಗ ನನ್ನತ್ರ ತಂದ್ರೂ ನಾನೇನೂ ಮಾಡೋಕಾಗಲ್ಲ."

"ಅದಕ್ಕೇ ಕೊಟ್ಟಿದ್ದು. ನಿಮ್ಮತ್ರ ಅವಳು ಮತ್ತೆ ಬರಬಾರದು ಅಂತ."

ಮಾತು ಬಾಯಿಂದ ಜಾರಿಬಿಟ್ಟಿತ್ತು. ಡಾಕ್ಟರ್ ತುಟಿ ಬಿಗಿಹಿಡಿದು ಒಳಗೆ ಹೋಗಿಬಿಟ್ಟ.

ಅವಳಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಅವನೂ ಹೋದ, ಮಾನವೂ ಹೋಯಿತು. ಜೊತೆಗೆ ಏನೂ ಅರಿಯದ ಹುಡುಗಿಗೆ ಮೋಸ ಬೇರೆ.

ಹುಡುಗಿ ವಾಪಸ್ ಬರುವಷ್ಟರಲ್ಲಿ ಕೌಂಟರಿನ ಮೇಲೆ ಬೇರೆ ಲ್ಯಾಪ್‌ಟಾಪ್ ಇತ್ತು.

"ನಾನು ತಪ್ಪು ಮಾಡಿದೆ ಕಣಮ್ಮ. ಅದು ಬೇಡ, ಇದನ್ನ ತಗೋ. ರೇಟ್ ಅಷ್ಟೇ. ಮುಂದೆ ಸ್ಲೋ ಆದ್ರೆ..." ಅವಳು ಹಿಂದಿನ ಕೋಣೆಯ ಕಡೆ ಕೈ ತೋರಿಸಿದಳು. "ಡಾಕ್ಟ್ರ ಹತ್ರ ಬಾ. ಸರಿ ಮಾಡ್ಕೊಡ್ತಾರೆ. ಅದ್ರ ಬಾಕ್ಸ್ ಒಡೆದಿದ್ದಕ್ಕೆ ಯಜಮಾನ್ರು ಬೈದ್ರೆ ನಾನು ಬೈಸ್ಕೋತೀನಿ."

ಕಾಪಿ ಮತ್ತೆ ಮೊದಲಿಂದ ಆಗಬೇಕಿತ್ತು. ನಾಳೆ ಬರುತ್ತೇನೆಂದು ಹುಡುಗಿ ಹೊರಟಳು. ಡಾಕ್ಟರ್ ಮೆಲ್ಲಗೆ ಹೊರಗೆ ಬಂದ. ಅವನ ಕಿವಿಗಳೆರಡೂ ಕೆಂಪಾಗಿದ್ದವು.

"ಬೇಜಾರಾಯ್ತಾ?" ಎಂದಳು ಅವಳು, ತಲೆಯೆತ್ತದೆ.

"ಬೇಜಾರಾ? ನಗು ತಡ್ಕೊಳ್ಳೋಕಾಗ್ದೆ ಒಳಗೆ ಓಡಿದ್ದು ನಾನು. ಅಷ್ಟು ಖುಷಿಯಾಯ್ತು. ಎದುರಿಗೇ ನಕ್ಕಿದ್ರೆ ನೀವು ಬಾರಿಸ್ತಿದ್ರಿ."

"ಮತ್ತೆ ಅವಳ ಹತ್ರ ಅಷ್ಟೊಂದು ಹಲ್ಲು ಕಿಸಿಯೋದು?"

"ಅವರ ಹತ್ರ ಮಾತಾಡೋದು ಸುಲಭ ರೀ. ನಿಮ್ಮೆದುರು ನಿಂತ್ರೆ ನಂಗೆ ನಾಲಿಗೇನೇ ಹೊರಳಲ್ಲ. ಇವತ್ತು ಇಲ್ಲಿಗೆ ಬಂದಿದ್ದು ನಿಮ್ಮ ಹತ್ರ ನಾಲ್ಕು ಮಾತಾಡೋಣ ಅಂತ. ನಿಮ್ಮ ಮುಖ ನೋಡಿ ಧೈರ್ಯ ಸಾಲದೆ ಅವರ ಹತ್ರ ಆಡಿದೆ." ಅವನು ಕೌಂಟರಿಗೆ ಒಂದು ಹೆಜ್ಜೆ ಹತ್ತಿರ ಬಂದ. "ನೀವಂದ್ರೆ ನಂಗೆ ತುಂಬಾ ಇಷ್ಟ. ನೀವು ಇಲ್ಲಿಗೆ ಬಂದ ದಿನದಿಂದ."

ಅವಳು ಕಣ್ಣೊರೆಸಿಕೊಂಡಳು. ಸೋತಂತೆಯೂ ಗೆದ್ದಂತೆಯೂ ಆಯಿತು.

"ನಾಳೆ ಅವಳು ಬಂದಾಗ ನಾನೂ ಒಳಗೇ ಇರ್ತೀನಿ."

"ಮದುವೆ ಆದ್ಮೇಲೂ ಹೀಗೇನಾ?"

"ಆಮೇಲೆ ಇನ್ನೂ ಜಾಸ್ತಿ," ಎಂದು ಅವಳು ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.