ಅರ್ಜಿಯಲ್ಲಿದ್ದ ವಿಳಾಸ

ಸ್ವೀಡನ್ನಿನ ಓಸ್‌ಹೋಲ್ಮ್ ಠಾಣೆಗೆ ದೂರು ಬಂದದ್ದು ಏಪ್ರಿಲ್ 25, ಸೋಮವಾರ ಬೆಳಿಗ್ಗೆ 11.40ಕ್ಕೆ. ದೂರುದಾರ ಸ್ಟೆಲನ್ ಬ್ರೋಡ್. ಶನಿವಾರ ಪೊಲೀಸರ ಕಾವಲಿನಲ್ಲೇ ಊರ ಚೌಕದಲ್ಲಿ ನಿಂತು ಕುರಾನ್ ಸುಟ್ಟವನು. ಅಂದು ಮೈಕಿನಲ್ಲಿ ಗರ್ಜಿಸಿದ್ದವನು ಈಗ ಪಿಸುಗುಟ್ಟಿದ.

"ಅಮ್ಮನ ಮನೆಗೆ ಬೆಂಕಿ ಹಾಕಿದಾರೆ. ಹೊಗೆ ಕುಡಿದು ಆಸ್ಪತ್ರೇಲಿದಾಳೆ. ಉಳಿಯೋದು ಕಷ್ಟ ಅಂತಾರೆ."

"ಅಮ್ಮನ ಮನೆಗೆ ಯಾಕೆ?" ಇನ್ಸ್‌ಪೆಕ್ಟರ್ ಗುನಿಲ್ಲಾ ಕೇಳಿದಳು.

"ಶನಿವಾರದ ಸಭೆಗೆ ಅನುಮತಿ ಕೇಳಿದ ಅರ್ಜೀಲಿ ಆ ವಿಳಾಸ ಬರೆದಿದ್ದೆ. ನನ್ನದು ಕೊಡೋಕೆ ಹೆದರಿಕೆ ಆಯ್ತು."

ಗುನಿಲ್ಲಾ ಪೆನ್ನು ಕೆಳಗಿಟ್ಟಳು. ಸಭೆಗೆ ಅನುಮತಿಯ ಸಹಿ ಹಾಕಿದವಳು ಅವಳು. ಅಷ್ಟೇ ಅಲ್ಲ, ಈ ಸೋಮವಾರವೇ ಬೆಳಿಗ್ಗೆ ಒಂಬತ್ತಕ್ಕೆ ಆ ಅರ್ಜಿಯ ಪ್ರತಿಯನ್ನು ಯಾರಿಗೋ ಕೊಟ್ಟವಳೂ ಅವಳೇ. ಸರ್ಕಾರಿ ಕಾಗದವನ್ನು ಯಾರು ಕೇಳಿದರೂ ಕೊಡಬೇಕು. ನೀನು ಯಾರು, ಯಾಕೆ ಬೇಕು ಎಂದು ಕೇಳುವಂತಿಲ್ಲ. ಈ ಕಾನೂನಿನ ಬಗ್ಗೆ ದೇಶಕ್ಕೆಲ್ಲ ಹೆಮ್ಮೆ, ಅವಳಿಗೂ ಇತ್ತು. ಎಲ್ಲವೂ ನಿಯಮದ ಪ್ರಕಾರವೇ ನಡೆದಿತ್ತು. ಅದನ್ನು ನೆನೆದಷ್ಟೂ ಅವಳಿಗೆ ಭಯ ಹೆಚ್ಚಾಯಿತು.

ಎಫ್‌ಐಆರ್ ದಾಖಲಾಯಿತು. 12.30ಕ್ಕೆ ಕಾನ್‌ಸ್ಟೆಬಲ್ ಲಿಂಡ್ ಜೊತೆ ಪಂಚನಾಮೆ. ಮೂರನೇ ಮಹಡಿಯ ಬಾಗಿಲು, ಅದರಲ್ಲಿ ಕಾಗದ ಹಾಕುವ ಕಿಂಡಿ, ಕಿಂಡಿಯ ಮೇಲೆ 'ಬ್ರೋಡ್' ಎಂಬ ಹೆಸರು. ಅದರ ಮೂಲಕ ಉರಿಯುವ ಪತ್ರಿಕೆ ತಳ್ಳಿದ್ದರು. ಬಾಗಿಲ ಹಿಂದೆ ಮುದುಕಿಯ ಊರುಗೋಲು ಬಿದ್ದಿತ್ತು.

"ಮಗನ ಜೊತೆ ಮಾತು ಬಿಟ್ಟಿದ್ಲು ಮ್ಯಾರ್ಟಾ," ಎಂದಳು ಪಕ್ಕದ ಮನೆಯಾಕೆ. "ಇವನನ್ನ ಹೆತ್ತಿದ್ದು ಇದಕ್ಕಾ ಅಂತ ಅಳ್ತಿದ್ಲು."

"ಅಗ್ನಿಶಾಮಕದವರಿಗೆ ಫೋನ್ ಮಾಡಿದ್ದು ನೀನಾ?"

"ನಾನಲ್ಲ. ಈ ಕಟ್ಟಡದವರು ಯಾರೂ ಅಲ್ಲ."

ಠಾಣೆಗೆ ಮರಳಿ 10.22ರ ಆ ಕರೆಯನ್ನು ತರಿಸಿ ಕೇಳಿದರು. ಗಂಡಸಿನ ದನಿ: "ಒಳಗೆ ಯಾರೋ ಕೆಮ್ತಿದಾರೆ. ವಯಸ್ಸಾದ ಹೆಂಗಸು. ಬೇಗ ಬನ್ನಿ, ದಯವಿಟ್ಟು ಬೇಗ ಬನ್ನಿ."

"ಈ ದನಿ ಗೊತ್ತಾ ನಿಂಗೆ?" ಲಿಂಡ್ ಅವಳ ಮುಖ ನೋಡಿ ಕೇಳಿದ.

ಇಲ್ಲ ಎಂದುಬಿಡಬಹುದಿತ್ತು. ಅರ್ಜಿಯ ಪ್ರತಿ ಕೊಡುವಾಗ ಕೌಂಟರಿನಲ್ಲಿ ಬೇರೆ ಯಾರೂ ಇರಲಿಲ್ಲ. ಮೂವತ್ತು ವರ್ಷದ ನೌಕರಿ ಅವಳ ಕಣ್ಣ ಮುಂದೆ ಬಂತು.

"ಗೊತ್ತು," ಎಂದಳು. "ಇವನಿಗೆ ವಿಳಾಸ ನಾನೇ ಕೊಟ್ಟೆ."

ಫೋನ್ ನಂಬರಿನ ಜಾಡು ಹಿಡಿದು 15.10ಕ್ಕೆ ಬಸ್ ಡಿಪೋ ತಲುಪಿದರು. ನೆರ್ಮಿನ್ ಹೋಜಿಚ್, 54, ಬಸ್ ಚಾಲಕ, ಯುದ್ಧದ ಕಾಲದಲ್ಲಿ ಬೋಸ್ನಿಯಾದಿಂದ ಓಡಿ ಬಂದ ಮುಸ್ಲಿಮ. ಖಾಲಿ ಬಸ್ಸಿನಲ್ಲಿ ಕೂತಿದ್ದ. ಓಡಲಿಲ್ಲ.

"ಆ ಅಜ್ಜಿ ಇದಾರಾ?"

"ಇದಾರೆ. ಯಾಕೆ ಮಾಡಿದೆ?"

"ಶನಿವಾರದಿಂದ ನನ್ನ ಮಗಳು ನಾಕು ನಾಕು ಸಲ ಬಾಗಿಲ ಚಿಲಕ ನೋಡ್ತಾಳೆ. ಯುದ್ಧದಲ್ಲಿ ನಮ್ಮಮ್ಮ ನೋಡ್ತಿದ್ದ ಹಾಗೇ. ಹೆದರಿಕೆ ಅಂದ್ರೇನು ಅಂತ ಅವನಿಗೂ ಒಂದು ದಿನ ಗೊತ್ತಾಗ್ಲಿ ಅಂತಿತ್ತು. ಮನೇಲಿ ಅವನಮ್ಮ ಇರ್ತಾರೆ ಅಂತ ನಿಮ್ಮ ಕಾಗದದಲ್ಲಿ ಇರ್ಲಿಲ್ಲ."

ಅವನನ್ನು ಬಂಧಿಸಲಾಯಿತು. 16.20ಕ್ಕೆ ಮ್ಯಾರ್ಟಾ ತೀರಿಕೊಂಡಳೆಂದು ಆಸ್ಪತ್ರೆಯಿಂದ ಫೋನ್ ಬಂತು.

ಗುನಿಲ್ಲಾ ಕಡತವನ್ನು ಲಿಂಡ್‌ಗೆ ಒಪ್ಪಿಸಿ, ಮೇಜಿನ ಈಚೆ ಸಾಕ್ಷಿಯ ಕುರ್ಚಿಯಲ್ಲಿ ಕೂತಳು.

"ಅವನು ಪ್ರತಿ ಕೇಳಿದಾಗ ಅನುಮಾನ ಬಂತಾ?" ಲಿಂಡ್ ಕೇಳಿದ.

"ಭಯ ಬಂತು. ಅವನ ಕೈ ನಡುಗ್ತಿತ್ತು."

"ಏನು ಮಾಡಿದೆ?"

"ಕಾಗದ ಬಿದ್ದು ಹೋದೀತು ಅಂತ ಕವರಿಗೆ ಹಾಕಿ ಕೊಟ್ಟೆ."