ಅಳಿಸಿಹೋದ ಲೇಪ

೨೦೨೪ರ ಆಗಸ್ಟ್ ೨೦, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ನಾಗರಬಾವಿಯ ಕಾಲೇಜೊಂದರ ರಸಾಯನ ಪ್ರಯೋಗಾಲಯ. ಗಾಜಿನ ಕೋಶ ಒಂದು. ಅದರೊಳಗೆ ಎಲೆಕ್ಟ್ರೋಡುಗಳು ಮೂರು—ಪ್ಲಾಟಿನಂ, ಬೆಳ್ಳಿ, ಇಂಗಾಲ. ಸಂಶೋಧಕಿ ಶಿವರಂಜನಿ ವೋಲ್ಟೇಜನ್ನು ಏರಿಸಿ ಇಳಿಸಿದಳು. ಪರದೆಯ ಮೇಲೆ ಎರಡು ಉಬ್ಬುಗಳು ಮೂಡಬೇಕಿತ್ತು. ಗೆರೆ ಚಪ್ಪಟೆಯಾಗಿತ್ತು.

ಇಂಗಾಲದ ಕಡ್ಡಿಯನ್ನು ಎತ್ತಿ ನೋಡಿದಳು. ತುದಿಗೆ ಮೂರು ದಿನ ಕುಳಿತು ಹಚ್ಚಿದ್ದ ಲೇಪ ಇರಲಿಲ್ಲ. ಯಾರೋ ತಿಕ್ಕಿ ತೆಗೆದಿದ್ದರು; ತುದಿ ಕನ್ನಡಿಯಂತೆ ಹೊಳೆಯುತ್ತಿತ್ತು.

ಈ ಒಂದು ಅಳತೆಯಿಲ್ಲದೆ ಅವಳ ಪ್ರಬಂಧ ಮುಗಿಯದು. ಅಳೆಯುವ ಯಂತ್ರ ಅವಳಿಗೆ ಶುಕ್ರವಾರದವರೆಗೆ ಮಾತ್ರ.

ವಿಭಾಗದ ಮುಖ್ಯಸ್ಥೆ ಜಗದಾಂಬಾ ಬಂದು ಕಡ್ಡಿಯನ್ನು ನೋಡಿದರು.

"ನಿನ್ನೆ ಬೀಗ ಹಾಕಿದ್ದು ಯಾರು?"

"ನಾನೇ ಮೇಡಂ. ಬೆಳಿಗ್ಗೆ ಎಂಟಕ್ಕೆ ಕಲ್ಮೇಶ್ ತೆಗೆದಿದ್ದಾನೆ. ಅವನನ್ನೇ ಕೇಳಿ—ನಾನು ಸೋತ್ರೆ ಯಂತ್ರ ಇವತ್ತೇ ಅವನದು."

ಪಕ್ಕದ ಮೇಜಿನಲ್ಲಿದ್ದ ಸಹಸಂಶೋಧಕ ಕಲ್ಮೇಶ್, ಬೈಲಹೊಂಗಲದವನು, ನಕ್ಕ. "ಅಕ್ಕಾರ, ನನ್ನ ಕಡ್ಡೀನ ನಾ ತಿಕ್ಕೂದಿಲ್ಲ. ನಿಮ್ಮದು ಯಾಕ ತಿಕ್ಕಲಿ?"

"ಬಾಗಿಲು ತೆಗೆದು ಎಲ್ಲಿಗೆ ಹೋದೆ?" ಎಂದರು ಜಗದಾಂಬಾ.

"ಚಾ ಕುಡ್ಯಾಕ್ರಿ. ಹದಿನೈದು ಮಿನಿಟ್. ಚಿಕ್ಕಮುನಿಯಪ್ಪನವರು ನೋಡ್ಕೋತೀನಿ ಅಂದ್ರು."

ಚಿಕ್ಕಮುನಿಯಪ್ಪ ಇಲ್ಲಿ ಮೂವತ್ತೊಂದು ವರ್ಷ ಸಹಾಯಕರಾಗಿದ್ದು ಜನವರಿಯಲ್ಲಿ ನಿವೃತ್ತರಾದವರು. ಹತ್ತಿರದ ಉಲ್ಲಾಳದಿಂದ ಬಸ್ಸಿನಲ್ಲಿ ಬಂದವರು ಹೊರಗಿನ ಬೆಂಚಿನ ಮೇಲೆ ಇನ್ನೂ ಕುಳಿತಿದ್ದರು. ಜಗದಾಂಬಾ ಅವರನ್ನು ಒಳಗೆ ಕರೆದರು.

"ಏನು ಬಂದಿದ್ದು?"

"ಪೆನ್ಷನ್ ಕಾಗದ ಮೇಡಂ. ಆಫೀಸಲ್ಲಿ ಕೇಳೋಣ ಅಂತ."

"ಬೇರೆ ಯಾರಾದ್ರೂ ಒಳಗೆ ಬಂದಿದ್ರಾ?"

"ಇಲ್ಲ."

ಕಡ್ಡಿಯ ತುದಿಯನ್ನು ಬಿಳಿ ಪುಡಿ ಹಾಕಿ ಉಜ್ಜುವ ಪಾಲಿಷ್ ಬಟ್ಟೆ ಮೇಜಿನ ಮೇಲಿತ್ತು. ಜಗದಾಂಬಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಪುಡಿಯ ತೇವ ಪೂರ್ತಿ ಆರಿರಲಿಲ್ಲ.

"ಶಿವರಂಜನಿ, ಇದನ್ನ ನೀನು ಗಮನಿಸಲಿಲ್ಲ. ಜಾಡು ನೋಡು—ಇಂಗ್ಲಿಷ್ ಎಂಟರ ಹಾಗೆ, ಒಂದರ ಮೇಲೊಂದು. ನೀನು ಗುಂಡಗೆ ತಿರುಗಿಸ್ತೀಯ. ಕಲ್ಮೇಶ್ ತಿಕ್ಕೋದೇ ಇಲ್ಲ. ತುದಿ ಒಂದೇ ಸಮ ಸವೀಲಿ ಅಂತ ಎಂಟು ಹಾಕೋರು ಇಲ್ಲಿ ಒಬ್ಬರೇ ಇದ್ದಿದ್ದು. ಅವರ ಪೆನ್ಷನ್ ಫೆಬ್ರವರೀಲೇ ಇತ್ಯರ್ಥ ಆಗಿದೆ. ಸಹಿ ಹಾಕಿದ್ದು ನಾನು."

ಚಿಕ್ಕಮುನಿಯಪ್ಪ ತಲೆ ತಗ್ಗಿಸಿದರು.

"ಮಂಕಾಗಿತ್ತು ಮೇಡಂ. ಕೊಳೆ ಅಂದ್ಕೊಂಡೆ. ಕೈ ತಡೀಲಿಲ್ಲ. ಮನೇಲಿ ಸ್ಟೀಲ್ ಲೋಟಾನೂ ಎಂಟರಲ್ಲೇ ಉಜ್ತೀನಿ, ಸೊಸೆ ನಗ್ತಾಳೆ."

"ಅದು ಕೊಳೆ ಅಲ್ಲ," ಎಂದಳು ಶಿವರಂಜನಿ. "ನನ್ನ ಮೂರು ದಿನದ ಕೆಲಸ."

ಚಿಕ್ಕಮುನಿಯಪ್ಪ ಕಡ್ಡಿಯ ತುದಿಯನ್ನು ಬಗ್ಗಿ ನೋಡಿದರು.

ಸೀಸೆಯಲ್ಲಿ ಇನ್ನೊಂದೇ ಲೇಪಕ್ಕೆ ಸಾಲುವಷ್ಟು ದ್ರವ ಉಳಿದಿತ್ತು. ಇಂದೇ ಆರಂಭಿಸಿದರೆ ಗುರುವಾರ ಮುಗಿಯುತ್ತದೆ. ಶುಕ್ರವಾರ ಅಳೆಯಬಹುದು. ಶಿವರಂಜನಿ ತನ್ನ ಪಕ್ಕಕ್ಕೆ ಇನ್ನೊಂದು ಸ್ಟೂಲ್ ಎಳೆದಳು.

"ನೀವು ನನಗೆ ಮೂರು ದಿನ ಬಾಕಿ, ಚಿಕ್ಕಮುನಿಯಪ್ಪನೋರೆ. ನನ್ನ ಪಕ್ಕದಲ್ಲೇ ಕೂತು ಕೆಲಸ ಮಾಡ್ಬೇಕು."

ಅವರು ಅಂಗಿಯ ತೋಳು ಮಡಿಸತೊಡಗಿದರು.

"ಮೂರೇ ದಿನಾನಾ, ಮೇಡಂ?"