ಹಿಂದಿನ ಎಡಗಡೆ ಸ್ಪೀಕರ್

ಸೋಮವಾರ ಬರುವುದನ್ನು ತಪ್ಪಿಸಲು ಅಂಜಿನಯ್ಯನಿಂದ ಆಗುತ್ತಿರಲಿಲ್ಲ. ಆದರೆ ಸೋಮವಾರದ ಹೊತ್ತಿಗೆ ರೇವಣಸಿದ್ದಪ್ಪ ಇಲ್ಲದಂತೆ ಮಾಡುವುದು ಅವನ ಕೈಯಲ್ಲಿತ್ತು.

ಬಸವೇಶ್ವರನಗರದಲ್ಲಿ ಇಬ್ಬರದೂ ಪಾಲಿನ ಅಂಗಡಿ. ಹೋಮ್ ಥಿಯೇಟರ್ ಮಾರುವುದು, ಗಿರಾಕಿಯ ಮನೆಗೆ ಹೋಗಿ ಸ್ಪೀಕರ್ ಕೂರಿಸಿಕೊಡುವುದು. ಎರಡು ವರ್ಷದಿಂದ ಅಂಜಿನಯ್ಯ ಕಂಪನಿ ಸ್ಪೀಕರ್‌ಗಳ ಹೊಟ್ಟೆ ಬಿಚ್ಚಿ, ಅಸಲಿ ಮಾಲು ತೆಗೆದು, ನಕಲಿ ತುಂಬಿ ಕಳಿಸುತ್ತಿದ್ದ. ಅಂಥದ್ದೊಂದು ಬುಧವಾರ ರಿಪೇರಿಗೆ ಬಂದು ನೇರವಾಗಿ ರೇವಣಸಿದ್ದಪ್ಪನ ಕೈಗೇ ಸಿಕ್ಕಿತು. ಗದಗದ ಕಡೆಯ ಮನುಷ್ಯ, ಅರವತ್ತು ದಾಟಿದವನು. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು, ಅವನು ಮೆಲ್ಲಗೆ ಮಾತಾಡಿದ.

"ಸೋಮವಾರ ತನಕ ನೋಡ್ತೀನಿ ತಮ್ಮಾ. ನೀನಾಗೇ ಗಿರಾಕಿಗಳ ಮನಿಗೆ ಹೋಗಿ ತಪ್ಪಾಗೇತಿ ಅನ್ನು. ಇಲ್ಲಂದ್ರ ನಾ ಸ್ಟೇಷನ್ನಿಗೆ ಹೋಗಾಂವ."

ಬಿಲ್ ಬರೆಯುವ ಕಲಾವತಿ ಅದನ್ನು ಕೇಳಿಸಿಕೊಂಡು ತಲೆ ತಗ್ಗಿಸಿದಳು. ಅಂಜಿನಯ್ಯ ಆ ರಾತ್ರಿ ತಟ್ಟೆಯ ಮುಂದಿನಿಂದ ಉಣ್ಣದೆ ಎದ್ದ. ಹೆಸರು ಆಂಜನೇಯನದು, ಗುಂಡಿಗೆ ಮಾತ್ರ ಗುಬ್ಬಚ್ಚಿಯದು. ಲಾಕಪ್ಪು, ಕೈಕೋಳ, ಗಲ್ಲಿಯ ಜನ ಕಿಟಕಿಗಳಲ್ಲಿ ನಿಂತು ನೋಡುವುದು, ಇವೇ ಕಣ್ಣ ಮುಂದೆ ಸುತ್ತಿದವು. ಆ ಹೆದರಿಕೆಯೇ ಅವನನ್ನು ಹಿಂದೆಂದೂ ಇಲ್ಲದಷ್ಟು ಅಚ್ಚುಕಟ್ಟಿನ ಮನುಷ್ಯನನ್ನಾಗಿ ಮಾಡಿತು.

ಕೊಲ್ಲುವುದು ಸುಲಭ. ಪ್ರತಿ ಭಾನುವಾರ ಮಧ್ಯಾಹ್ನ ರೇವಣಸಿದ್ದಪ್ಪ ಕುರುಬರಹಳ್ಳಿಯ ಗೋಡೌನಿನಲ್ಲಿ ಒಬ್ಬನೇ ಮಾಲು ಜೋಡಿಸುತ್ತಾನೆ. ಅಟ್ಟ ಎತ್ತರದ್ದು, ಕೆಳಗೆ ಕಲ್ಲು ನೆಲ, ಏಣಿ ಹಳೆಯದು. ಕಷ್ಟವೆಲ್ಲ ಆಮೇಲಿನದು. ಕಲಾವತಿ ಬಾಯಿಬಿಟ್ಟರೆ ಪೊಲೀಸರು ಮೊದಲು ಬರುವುದು ಇವನ ಮನೆಗೇ. ಆ ಹೊತ್ತಿನಲ್ಲಿ ಅಂಜಿನಯ್ಯ ಮನೆಯಲ್ಲೇ ಇದ್ದ ಎಂದು ಆಣೆ ಮಾಡಿ ಹೇಳುವವರು ಬೇಕು. ಹೆಂಡತಿ ಲಕ್ಷ್ಮಿ ತವರಿಗೆ ಹೋಗಿದ್ದಳು. ಮನೆಯಲ್ಲಿದ್ದವಳು ದೊಡ್ಡಮ್ಮ ರಾಮಕ್ಕ ಒಬ್ಬಳೇ.

ರಾಮಕ್ಕನಿಗೆ ಎಪ್ಪತ್ತಾರು. ಸಕ್ಕರೆ ಕಾಯಿಲೆ ಕಣ್ಣು ಎರಡನ್ನೂ ತಿಂದುಹಾಕಿ ಆರು ವರ್ಷವಾಗಿತ್ತು. ಆದರೆ ಅವಳು ಸುಳ್ಳು ಹೇಳುವವಳಲ್ಲ ಎಂಬುದು ಇಡೀ ಗಲ್ಲಿಗೆ ಗೊತ್ತು. ಹಾಲಿನವನು ತಪ್ಪಿ ಹೆಚ್ಚು ಅಳೆದರೂ ಕೂಗಿ ಕರೆದು ಹೇಳುವ ಹೆಂಗಸು. ಅವಳಿಂದ ಸುಳ್ಳು ಹೇಳಿಸುವುದು ಆಗದ ಮಾತು, ಬೇಕಾಗಿಯೂ ಇರಲಿಲ್ಲ. ಅವಳಿಗೆ ನಿಜವೆನಿಸುವುದನ್ನು ಅವಳ ಕಿವಿಗೆ ಹಾಕಿದರೆ ಸಾಕು. ಕಿವಿಗೆ ಹಾಕುವ ಕೆಲಸದಲ್ಲಿ ಅಂಜಿನಯ್ಯನನ್ನು ಮೀರಿಸುವವರು ಈ ಕಡೆಯಲ್ಲಿ ಯಾರಿದ್ದರು?

ನಡುಮನೆಯಲ್ಲಿ ಅವನದೇ ಹೋಮ್ ಥಿಯೇಟರ್ ಸೆಟ್ ಇತ್ತು. ಎದುರಿಗೆ ಎರಡು ಸ್ಪೀಕರ್, ಟಿವಿ ಕೆಳಗೊಂದು, ಹಿಂದೆ ಎರಡು, ಮೂಲೆಯಲ್ಲಿ ಗುಮ್ಮೆನ್ನುವ ಸಬ್‌ವೂಫರ್. ಹಿಂದಿನ ಎಡಗಡೆಯದನ್ನು ಅವನು ಗೋಡೆಯ ಮೇಲಿಂದ ಇಳಿಸಿ, ತಾನು ದಿನವೂ ಕೂರುವ ಬೆತ್ತದ ಕುರ್ಚಿಯ ಬೆನ್ನಿಗೆ, ಕೂತವನ ಬಾಯಿಯ ಮಟ್ಟಕ್ಕೆ ಸರಿಯಾಗಿ, ಒಳಕೋಣೆಯ ಬಾಗಿಲ ಪಕ್ಕದಲ್ಲಿ ಬಿಗಿದ. ಸ್ಕ್ರೂ ಎರಡು ಸಲ ಕೆಳಗೆ ಬಿತ್ತು. ಒಂದೊಂದು ಸ್ಪೀಕರಿನಲ್ಲಿ ಒಂದೊಂದು ಸದ್ದು ಬರುವಂಥ ಡೆಮೊ ಡಿಸ್ಕ್‌ಗಳನ್ನು ಅಂಗಡಿಯ ಕಂಪ್ಯೂಟರಿನಲ್ಲಿ ಮಾಡಿ ಅವನಿಗೆ ಅಭ್ಯಾಸವಿತ್ತು. ಮುಂದಿನ ಸ್ಪೀಕರ್‌ಗಳಲ್ಲಿ ದೊಡ್ಡಮ್ಮನಿಗೆ ಪ್ರಾಣವಾದ ಸಾವಿತ್ರಿಯ ಹರಿಕಥೆ, ಎರಡು ಗಂಟೆಯದ್ದು. ಹಿಂದಿನ ಎಡಗಡೆಯದರಲ್ಲಿ ಅವನೊಬ್ಬನೇ.

ತನ್ನ ದನಿಯನ್ನು ಅವನು ಅಂಗಡಿಯಲ್ಲಿ ರೆಕಾರ್ಡ್ ಮಾಡಲಿಲ್ಲ. ಒಂದೊಂದು ಕೋಣೆಗೂ ಅದರದೇ ಗಾಳಿ ಇರುತ್ತದೆ, ಕುರುಡರಿಗೆ ಅದು ಬೇಗ ತಿಳಿಯುತ್ತದೆ. ಹಾಗಾಗಿ ಗುರುವಾರ ಮಧ್ಯಾಹ್ನ, ದೊಡ್ಡಮ್ಮ ಅಲ್ಲೇ ನಡುಮನೆಯ ದಿವಾನದ ಮೇಲೆ ನಿದ್ದೆಹೋದ ಮೇಲೆ, ಅದೇ ಬೆತ್ತದ ಕುರ್ಚಿಯ ಕೈಗೆ ಮೈಕ್ ಕಟ್ಟಿ ಕೂತ. ಕೆಮ್ಮಿದ. ಪೇಪರ್ ತಿರುವಿದ. ಆಗೀಗ ಹ್ಞೂಂ ಎಂದ. ಹತ್ತು ವರ್ಷದಿಂದ ದೊಡ್ಡಮ್ಮನಿಗೆ ಅವನು ಹ್ಞೂಂ ಬಿಟ್ಟು ಬೇರೆ ಉತ್ತರ ಕೊಟ್ಟದ್ದೇ ಅಪರೂಪ, ಅದೀಗ ಉಪಯೋಗಕ್ಕೆ ಬಂತು. "ನಾನೆಲ್ಲೂ ಹೋಗಲ್ಲ ದೊಡ್ಡಮ್ಮ, ಇಲ್ಲೇ ಇರ್ತೀನಿ" ಎಂದ. ತಕ್ಷಣ ಟ್ಯೂಬ್‌ಲೈಟಿನ ಹಿಂದಿನಿಂದ ಹಲ್ಲಿ ಲೊಚಗುಟ್ಟಿತು.

ಅವನ ಜೀವ ಬಾಯಿಗೆ ಬಂತು. ಒಂದು ನಿಮಿಷ ಕಿವಿಯಲ್ಲಿ ಎದೆಬಡಿತ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಮಾತಿನ ಬೆನ್ನಿಗೇ ಹಲ್ಲಿ ನುಡಿದರೆ ಆ ಮಾತು ಸತ್ಯ ಎನ್ನುವುದು ಎಲ್ಲರೂ ಬಲ್ಲ ನಂಬಿಕೆ. ಹಸಿ ಸುಳ್ಳಿಗೆ ಹಲ್ಲಿಯೂ ಸಾಕ್ಷಿ ಹಾಕಿತಲ್ಲ ಎಂದು ಆಮೇಲೆ ಅವನಿಗೆ ನಗು ಬಂತು. ಅದನ್ನು ಅಳಿಸದೆ ಹಾಗೇ ಬಿಟ್ಟ.

ಶುಕ್ರವಾರ ದೊಡ್ಡಮ್ಮ ಒಳಕೋಣೆಯಲ್ಲಿ ಜಪಕ್ಕೆ ಕೂತಿದ್ದಾಗ ಸದ್ದು ತಗ್ಗಿಸಿ ಡಿಸ್ಕ್ ಹಾಕಿ ನೋಡಿದ. ಅವನ ಕುರ್ಚಿಯಲ್ಲಿ ಅವನೇ ಕೂತು ಕೆಮ್ಮುತ್ತಿದ್ದ. ಮೈ ಜುಮ್ಮೆಂದಿತು. ಹಲ್ಲಿ ನುಡಿಯಿತು, ಬೆನ್ನಿಗೇ ಒಳಕೋಣೆಯ ಕಡೆಯಿಂದ ಉಗುರಿನ ಟಕಟಕ, "ಕೃಷ್ಣ ಕೃಷ್ಣ." ಹಲ್ಲಿ ನುಡಿದಾಗಲೆಲ್ಲ ಬೆರಳಿನಿಂದ ಟಕಟಕ ಬಡಿದು ಹಾಗೆನ್ನುವುದು ದೊಡ್ಡಮ್ಮನ ಹುಟ್ಟುಗುಣ, ನಿದ್ದೆಯಲ್ಲೂ ಬಿಟ್ಟವಳಲ್ಲ. ಡಿಸ್ಕಿನ ಹಲ್ಲಿಗೇ ಮೋಸಹೋದವಳು ಡಿಸ್ಕಿನ ಅಂಜಿನಯ್ಯನಿಗೆ ಹೋಗುವುದಿಲ್ಲವೇ? ಬುಧವಾರದಿಂದ ಮೊದಲ ಸಲ ಅವನು ಹೊಟ್ಟೆ ತುಂಬ ಉಂಡ.

ಭಾನುವಾರ ಮೂರು ಗಂಟೆಗೆ ದೊಡ್ಡಮ್ಮನನ್ನು ದಿವಾನದ ಮೇಲೆ ಕೂರಿಸಿದ. ಮಂಡಿನೋವಿನವಳು, ಕೂತರೆ ದೀಪ ಹಚ್ಚುವ ಹೊತ್ತಿನವರೆಗೆ ಏಳುವುದಿಲ್ಲ. ಕರೆಗಂಟೆಯ ವೈರ್ ಕಿತ್ತಿದ್ದ, ಫೋನಿನ ರಿಸೀವರ್ ಪಕ್ಕಕ್ಕಿಟ್ಟಿದ್ದ, ಕರೆಂಟ್ ಹೋದರೆ ಇರಲಿ ಎಂದು ಯುಪಿಎಸ್ ಜೋಡಿಸಿದ್ದ. ಹೋದ ಜಾಗ ಪತ್ತೆಯಾಗದಿರಲಿ ಎಂದು ಮೊಬೈಲನ್ನು ಸೈಲೆಂಟ್ ಮಾಡಿ ಕುರ್ಚಿಯ ಮೇಲೇ ಬಿಟ್ಟ. ಡಿಸ್ಕ್ ಹಾಕಿ, ತಾಳದ ಸದ್ದು ಏರುತ್ತಿದ್ದಂತೆ ಹಿತ್ತಲ ಬಾಗಿಲಿನಿಂದ ಹೊರಬಿದ್ದ. ಸ್ಕೂಟರ್ ಹಿಂದಿನ ರಸ್ತೆಯಲ್ಲಿತ್ತು. ಹೆಲ್ಮೆಟ್ ಹಾಕಿಕೊಂಡರೆ ಯಾರ ಮುಖ ಯಾರಿಗೆ ಗೊತ್ತು. ಉಂಡು ಮಲಗಿದ ಬೀದಿಗಳಲ್ಲಿ ಒಂದು ನಾಯಿ ಮಾತ್ರ ತಲೆಯೆತ್ತಿ ನೋಡಿತು, ಅದಕ್ಕೂ ಅವನು ಹೆದರಿದ.

ರೇವಣಸಿದ್ದಪ್ಪ ಏಣಿಯ ಮೇಲಿದ್ದ. ಇವನನ್ನು ಕಂಡು ಅವನ ಮುಖ ಅರಳಿತು.

"ಬಂದ್ಯಾ? ನೀ ಬರ್ತಿ ಅಂತ ಗೊತ್ತಿತ್ತು ನನಗ. ಏಣಿ ಸ್ವಲ್ಪ ಹಿಡಕೋ ತಮ್ಮಾ."

ಅಂಜಿನಯ್ಯ ಏಣಿ ಹಿಡಿದುಕೊಂಡ. ಆಮೇಲೆ ಕಣ್ಣುಮುಚ್ಚಿ ಎಳೆದ. ಬಿದ್ದ ಸದ್ದು ಅವನು ಎಣಿಸಿದ್ದಕ್ಕಿಂತ ಚಿಕ್ಕದಾಗಿತ್ತು, ಅದೇ ಅವನಿಗೆ ಸಹಿಸಲಾಗಲಿಲ್ಲ. ಮತ್ತೆ ಹೆಲ್ಮೆಟ್ ಹಾಕಿಕೊಂಡು ಹೊರಬಿದ್ದ.

ನಾಲ್ಕಕ್ಕೆ ಮೊದಲೇ ಮನೆಯಲ್ಲಿದ್ದ. ದೊಡ್ಡಮ್ಮ ಇದ್ದಲ್ಲೇ ಇದ್ದಳು, ಮುಖ ಯಾಕೋ ಗಂಟಿಕ್ಕಿತ್ತು. ಡಿಸ್ಕಿನಲ್ಲಿ ಅವನ ದನಿ ಇದ್ದದ್ದು ಮೊದಲ ಒಂದು ಗಂಟೆ ಮಾತ್ರ, ಅದು ಆಗಲೇ ಮುಗಿಯುವುದರಲ್ಲಿತ್ತು. ಕುರ್ಚಿಯಲ್ಲಿ ಕೂತು ಅವನೇ ಖುದ್ದಾಗಿ ಕೆಮ್ಮಿದ. ರಾತ್ರಿ ಡಿಸ್ಕ್ ಪುಡಿ ಮಾಡಿ ಮೋರಿಗೆ ಹಾಕಿದರೆ ಎಲ್ಲ ಮುಗಿಯಿತು.

ಪೊಲೀಸರು ಅಷ್ಟು ಬೇಗ ಬರುತ್ತಾರೆಂದು ಅವನು ಎಣಿಸಿರಲಿಲ್ಲ. ಗೋಡೌನಿನ ಪಕ್ಕದ ಟೈಲರ್ ಹೆಣ ನೋಡಿ ಕೂಗಿಕೊಂಡಿದ್ದ, ಕಲಾವತಿಯೂ ಬಾಯಿಬಿಟ್ಟಿದ್ದಳು. ಐದಕ್ಕೆ ಹತ್ತು ನಿಮಿಷವಿದ್ದಾಗ ಬಾಗಿಲು ಬಡಿದ ಸಬ್ ಇನ್ಸ್‌ಪೆಕ್ಟರಿಗೆ ಕಂಡದ್ದು ಹರಿಕಥೆ ಕೇಳುತ್ತಿರುವ ಮನೆ. ಇದು ಇನ್ನೂ ಚೆನ್ನಾಯಿತು ಎಂದುಕೊಂಡು ಅಂಜಿನಯ್ಯ ಸದ್ದು ನಿಲ್ಲಿಸಿ ಟಿವಿಯ ಪಕ್ಕಕ್ಕೆ ಬಂದು ನಿಂತ. ಸಾವಿನ ಸುದ್ದಿ ಕೇಳಿದಾಗ ಅವನಿಗೆ ಬಂದ ಅಳು ನಿಜವಾದದ್ದೇ, ಹೆದರಿಕೆಯದು.

"ಅಮ್ಮಾ, ಮಧ್ಯಾಹ್ನ ಇವ್ರು ಎಲ್ಲಾದ್ರೂ ಹೋಗಿದ್ರಾ?"

"ಇಲ್ಲಪ್ಪ. ಮೂರು ಗಂಟೆಯಿಂದ ಆ ಬೆತ್ತದ ಕುರ್ಚಿ ಬಿಟ್ಟು ಎದ್ದಿಲ್ಲ. ದೇವರಾಣೆ."

ಇನ್ಸ್‌ಪೆಕ್ಟರ್ ಪುಸ್ತಕ ಮಡಚಿದ. ಅಂಜಿನಯ್ಯ ನಾಲ್ಕು ದಿನದಿಂದ ಹಿಡಿದಿಟ್ಟ ಉಸಿರನ್ನು ಬಿಟ್ಟ.

"ಆದ್ರೆ ಒಂದು ಮಾತು," ಎಂದಳು ರಾಮಕ್ಕ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ಮುಚ್ಚಿಟ್ಟು ಅಭ್ಯಾಸ ಇಲ್ಲ ನಂಗೆ. ಲಕ್ಷ್ಮಿ ಊರಲ್ಲಿಲ್ಲ ಅಂತ ಇವನು ಯಾರೋ ಹೆಂಗಸನ್ನ ಮನೆಗೆ ಕರ್ಕೊಂಡು ಬಂದಿದ್ದ. ಹಲ್ಲಿ ನುಡೀತು, ನಾನು ಕೃಷ್ಣ ಕೃಷ್ಣ ಅಂದೆ. ಇವನ ಕುರ್ಚಿ ಹತ್ರದಿಂದ ಅವಳೂ ಅಂದ್ಲು. ಕೀರಲು ದನಿ, ಥೂ."

"ಯಾರೂ ಇರ್ಲಿಲ್ಲ ಸಾರ್, ದೊಡ್ಡಮ್ಮಂಗೆ ವಯಸ್ಸಾಯ್ತು," ಎಂದ ಅಂಜಿನಯ್ಯ. ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ.

"ವಯಸ್ಸಾಗಿರೋದು ಕಣ್ಣಿಗೆ ಕಣೋ, ಕಿವಿಗಲ್ಲ. ಸಾವಿತ್ರಿ ಯಮನ ಹಿಂದೆ ಹೊರಟ್ಳಲ್ಲ, ಆವಾಗ!"

ಇನ್ಸ್‌ಪೆಕ್ಟರ್ ಮೇಜಿನ ಮೇಲಿದ್ದ ರಿಮೋಟ್ ತೆಗೆದುಕೊಂಡ. ಮನೆಯೊಳಗಿನ ಹೆಂಗಸಿನ ದನಿ ಎಂದರೆ ಹರಿಕಥೆಯದೇ ಇರಬೇಕು, ಮುದುಕಿಯ ಅನುಮಾನ ತೀರಿಸಿ ಹೊರಡೋಣ ಎಂದು ಅವನು ಹಿಂದಕ್ಕೆ ಓಡಿಸುತ್ತಿದ್ದ. ತಡೆದರೆ ಅನುಮಾನ ಬಂದೀತೆಂದು ಅಂಜಿನಯ್ಯ ಬೇಡ ಸಾರ್ ಎನ್ನಲಿಲ್ಲ.

ಸಾವಿತ್ರಿ ಯಮನ ಬೆನ್ನು ಹತ್ತಿದಳು. ಆಗ ಖಾಲಿ ಬೆತ್ತದ ಕುರ್ಚಿ ಅಂಜಿನಯ್ಯನ ದನಿಯಲ್ಲಿ ಮಾತಾಡಿತು: "ನಾನೆಲ್ಲೂ ಹೋಗಲ್ಲ ದೊಡ್ಡಮ್ಮ, ಇಲ್ಲೇ ಇರ್ತೀನಿ." ಇನ್ಸ್‌ಪೆಕ್ಟರ್ ಕುರ್ಚಿಯನ್ನು ನೋಡಿದ, ಟಿವಿ ಪಕ್ಕದಲ್ಲಿ ಬಾಯಿ ಮುಚ್ಚಿ ನಿಂತಿದ್ದವನನ್ನು ನೋಡಿದ. ಹಲ್ಲಿ ಲೊಚಗುಟ್ಟಿತು. ದಿವಾನದ ಮರಕ್ಕೆ ಉಗುರು ಬಡಿದ ಟಕಟಕ, ಹಿಂದೆಯೇ ನಿದ್ದೆಮಂಪರಿನ "ಕೃಷ್ಣ ಕೃಷ್ಣ." ಶುಕ್ರವಾರ ಅದು ಬಂದದ್ದು ಒಳಕೋಣೆಯಿಂದ ಅಲ್ಲ, ಗುರುವಾರದ ರೆಕಾರ್ಡಿನಿಂದ ಎಂಬುದು ಅಂಜಿನಯ್ಯನಿಗೆ ಈಗ ತಿಳಿಯಿತು. ಎಪ್ಪತ್ತಾರು ವರ್ಷದಲ್ಲಿ ತನ್ನ ದನಿ ಹೊರಗಿನಿಂದ ಹೇಗೆ ಕೇಳಿಸುತ್ತದೆಂದು ಒಮ್ಮೆಯೂ ಕೇಳಿರದ ರಾಮಕ್ಕ ಮಾತ್ರ ಗೆದ್ದವಳಂತೆ ದಿವಾನದಿಂದ ಅರ್ಧ ಎದ್ದು, ಕುರ್ಚಿಯ ಕಡೆಗೆ ಬೆರಳು ಚಾಚಿ ಕೂಗಿದಳು: "ಇವಳೇ ಕಣಪ್ಪಾ, ಇವಳೇ! ಹಿಡ್ಕೊಳ್ಳಿ!"